ನೀರು ಕೊಡದ ಮೇಷ್ಟ್ರು



ಏಪ್ರಿಲ್ ಬಂತೆಂದರೆ ಬೆಂಗಳೂರು, ಪುಣೆ, ಹೈದರಾಬಾದುಗಳಿಂದ ನಿಮ್ಮ ಮಕ್ಕಳು ಸೇಡಂ, ಚಿಂಚೋಳಿಗಳ ಅಜ್ಜಿಯ ಮನೆಗೆ ಬರುತ್ತಾರೆ. ಬಂದ ಮರುದಿನವೇ ಬ್ಯಾಟು ಹಿಡಿದು ಬಯಲಿಗೆ ಓಡುತ್ತಾರೆ. ಅವರನ್ನು ಕಂಡಾಗಲೆಲ್ಲ ನಾನು ಮಾಡಿದ ಒಂದು ತಪ್ಪು ನೆನಪಾಗುತ್ತದೆ.

ಎಪ್ಪತ್ತರ ದಶಕದ ಮಾತು. ನಮ್ಮ ಸೀಮೆಯ ಒಂದು ಶಾಲೆಯಲ್ಲಿ (ಹೆಸರು ಬೇಡ) ನಾನು ಹೊಸ ಮೇಷ್ಟ್ರು. ಮಾರ್ಚ್ ತಿಂಗಳ ಮೂರು ಗಂಟೆಯ ಬಿಸಿಲಿನಲ್ಲಿ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದೆ. ಒಬ್ಬ ಹುಡುಗ ಎರಡು ಸಲ ಬಂದು, "ಸರ್, ನೀರು ಕುಡದು ಬರ್ತೀನ್ರಿ" ಎಂದು ಕೇಳಿದ. ಎರಡು ಸಲವೂ "ಆಟ ಮುಗೀಲಿ, ಆಮ್ಯಾಗ ಕುಡಿಯಂತಿ" ಎಂದು ಕಳಿಸಿದೆ. ಆಟದ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ, ದಮ್ಮು ಕಡಿಮೆಯಾಗುತ್ತದೆ ಎಂದು ನನಗೆ ನನ್ನ ಗುರುಗಳು ಕಲಿಸಿದ್ದರು. ಸ್ವಲ್ಪ ಹೊತ್ತಿಗೆ ಆ ಹುಡುಗ ಎದುರು ತಂಡದವರ ಸಾಲಿನಲ್ಲಿ ಹೋಗಿ ನಿಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಏನೋ ಸಂಬಂಧವಿಲ್ಲದ ಮಾತನಾಡುತ್ತ ಕುಸಿದು ಬಿದ್ದ. ಮೈ ಮುಟ್ಟಿದರೆ ಕಾದ ಹಂಚು.

ಬಾವಿಯಿಂದ ನೀರು ಹೊತ್ತು ಹೊರಟಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳದೆಯೇ ತನ್ನ ಕೊಡವನ್ನು ಅವನ ಮೇಲೆ ಬರಿದು ಮಾಡಿದಳು. ಮತ್ತೆ ಎರಡು ಕೊಡ ತರಿಸಿದಳು, ಸೆರಗಿನಿಂದ ಗಾಳಿ ಬೀಸಿದಳು. ಹುಡುಗ ಬದುಕಿದ. ವೈದ್ಯರು ಇಂದು ಹೇಳುವುದೂ ಅದನ್ನೇ: ಮೊದಲು ಮೈ ತಣ್ಣಗಾಗಲಿ, ಆಮೇಲೆ ಆಸ್ಪತ್ರೆಯ ಗಾಡಿ, ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಅಸಂಬದ್ಧ ಮಾತು, ದಾರಿ ತಪ್ಪಿದ ಹೆಜ್ಜೆಗಳೇ ಮುನ್ಸೂಚನೆ. ನಾನು ನಕ್ಕಿದ್ದು ಅದನ್ನು ಕಂಡೇ.

ಈ ಅಜ್ಞಾನ ನನ್ನೊಬ್ಬನದೇ ಆಗಿರಲಿಲ್ಲವೆಂಬುದು ಬಹಳ ತಡವಾಗಿ, ನಿವೃತ್ತಿಯ ನಂತರದ ಓದಿನಲ್ಲಿ ತಿಳಿಯಿತು. 1912ರ ಜುಲೈ 14ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸಿನ ಮ್ಯಾರಥಾನ್ ಓಟ ನಡೆದದ್ದು ಸುಡುಬಿಸಿಲಿನಲ್ಲಿ. ಓಡಲು ನಿಂತವರಲ್ಲಿ ಸುಮಾರು ಅರ್ಧದಷ್ಟು ಜನ ಗುರಿ ಮುಟ್ಟಲೇ ಇಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜಾರೊ ದಾರಿಯಲ್ಲಿ ಬಿದ್ದು ಮರುದಿನ ಬೆಳಗಿನ ಜಾವ ತೀರಿಕೊಂಡ. ಬಿಸಿಲಿಗೆ ಚರ್ಮ ಸುಡದಿರಲೆಂದು ಅವನು ಮೈಗೆಲ್ಲ ಮೇಣದಂಥ ಜಿಡ್ಡು ಬಳಿದುಕೊಂಡಿದ್ದನಂತೆ. ಬೆವರು ಹೊರಬರುವ ದಾರಿಯೇ ಮುಚ್ಚಿತ್ತು. ಅದೇ ಓಟದಲ್ಲಿ ಬಳಲಿ ನಿಂತ ಜಪಾನಿನ ಕನಕುರಿ ಶಿಜೊ 1967ರಲ್ಲಿ ಆಹ್ವಾನದ ಮೇರೆಗೆ ಮತ್ತೆ ಸ್ಟಾಕ್‌ಹೋಮಿಗೆ ಬಂದು, ಐವತ್ತನಾಲ್ಕು ವರ್ಷಗಳ ಬಳಿಕ ಓಟ ಮುಗಿಸಿದ!

ಬಿಸಿಲಿನ ಲೆಕ್ಕ ಸರಿಯಾಗಿ ಹಾಕಿದ್ದು ಸೈನ್ಯದವರು. ಅಮೆರಿಕದ ಪ್ಯಾರಿಸ್ ಐಲೆಂಡ್ ತರಬೇತಿ ಶಿಬಿರದಲ್ಲಿ ಹೊಸ ಸೈನಿಕರು ಸೆಕೆಗೆ ಸಿಕ್ಕಿ ಬೀಳುತ್ತಿದ್ದುದರಿಂದ 1950ರ ದಶಕದಲ್ಲಿ ಒಂದು ಹೊಸ ಅಳತೆ ರೂಪುಗೊಂಡಿತು. ನೂರರಲ್ಲಿ ಎಪ್ಪತ್ತು ಪಾಲು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ, ಇಪ್ಪತ್ತು ಪಾಲು ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ, ಹತ್ತೇ ಪಾಲು ನಾವು ಪತ್ರಿಕೆಯಲ್ಲಿ ಓದುವ ಉಷ್ಣಾಂಶಕ್ಕೆ.

ಇದನ್ನು ತಿಳಿಯಲು ನಮ್ಮ ಮನೆಯ ಮಣ್ಣಿನ ಗಡಿಗೆ ಸಾಕು. ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಗಡಿಗೆಯ ನೀರು ತಣ್ಣಗಿರುತ್ತದೆ. ಮಂಗಳೂರಿನಲ್ಲಿ ಅಷ್ಟು ತಣ್ಣಗಾಗದು. ನಮ್ಮ ಮೈಯೂ ಗಡಿಗೆಯೇ. ಆದ್ದರಿಂದ 40 ಡಿಗ್ರಿ ದಾಟಿದ ದಿನ ಮಾತ್ರ ಹೆದರಿ, ರೋಹಿಣಿ ಮಳೆ ಒಂದು ಬಿದ್ದ ಮೇಲೆ ನಿಶ್ಚಿಂತರಾಗುವುದು ಸರಿಯಲ್ಲ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದೇ ಇಲ್ಲ. ಇನ್ನು ಕಪ್ಪು ಗೋಳದ ಮಾತು ಶಹಾಬಾದ, ವಾಡಿಯವರಿಗೆ ಹೇಳಬೇಕಾಗಿಲ್ಲ. ಫರಸಿ ಹಾಸಿದ ಅಂಗಳದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಮೇಲಿನ ಬಿಸಿಲಿನ ಜೊತೆಗೆ ಕೆಳಗಿನದೂ ಗೊತ್ತು.

ಓದಿಲ್ಲದ ನಮ್ಮ ಪೈಲವಾನರು ಇದೆಲ್ಲವನ್ನೂ ಬಲ್ಲವರಾಗಿದ್ದರು. ಬೇಸಿಗೆಯ ಜಾತ್ರೆಗಳಲ್ಲಿ ಕುಸ್ತಿ ನಡೆಯುತ್ತಿದ್ದುದು ಹೊತ್ತು ಇಳಿದ ಮೇಲೆ. ಗರಡಿಮನೆಯ ಸಾಧಕ ನಸುಕಿನಲ್ಲಿ. ಸರ್ಕಾರವೂ ಕಲಬುರಗಿ ವಿಭಾಗದ ಕಚೇರಿಗಳನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸಲು ಆದೇಶಿಸುತ್ತ ಬಂದಿದೆ. ಗುಮಾಸ್ತರಿಗೆ ಸಿಕ್ಕ ಈ ರಿಯಾಯಿತಿ ಕ್ರಿಕೆಟ್ ಟೂರ್ನಮೆಂಟುಗಳ ಹುಡುಗರಿಗೆ ಇನ್ನೂ ಸಿಕ್ಕಿಲ್ಲ.

ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯದೆಂದು ನಮ್ಮ ಹಿರಿಯರು ನಂಬಿದ್ದರು. ಉಳ್ಳಾಗಡ್ಡಿಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಅದರ ಜೊತೆ ಕುಡಿಯುತ್ತಿದ್ದ ಉಪ್ಪು ಹಾಕಿದ ಮಜ್ಜಿಗೆಯ ಮೇಲೆ ಇದೆ.

ಈಗ ನಿಮ್ಮ ಮಕ್ಕಳ ವಿಷಯ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರು ಸೆಕೆಗೆ ಬಲಿಯಾಗುವುದನ್ನು ಕಂಡು, 1920-30ರ ದಶಕಗಳಲ್ಲಿ ಅವರಿಗೆ ಮೊದಲ ದಿನಗಳಲ್ಲಿ ಹಗುರ ಕೆಲಸ ಕೊಟ್ಟು ಮೈಯನ್ನು ನಿಧಾನವಾಗಿ ಒಗ್ಗಿಸತೊಡಗಿದರು. ಬಿಸಿಲಿಗೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದಿಳಿದ ಮಗು ಆ ಗಣಿಯ ಹೊಸ ಕೆಲಸಗಾರನಂತೆಯೇ. ಇಲ್ಲಿಯೇ ಬೆಳೆದ ಸೋದರಸಂಬಂಧಿ ಓಡಿದಷ್ಟು ಅದು ಮೊದಲ ವಾರ ಓಡಬಾರದು. ಸಂಜೆ ಐದೂವರೆಯ ನಂತರ ಆಡಲಿ, ಇಲ್ಲವೇ ಬೆಳಿಗ್ಗೆ ಎಂಟರೊಳಗೆ ಮುಗಿಸಲಿ. ಗಡಿಗೆ ಮನೆಯಲ್ಲಿ ಬೇಡ, ಬೌಂಡರಿಯ ಹತ್ತಿರ ಬೇವಿನ ನೆರಳಿನಲ್ಲಿ ಇರಲಿ.

ಅಂದು ಬಿದ್ದ ಹುಡುಗ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ವರ್ಷಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನು ಚಪ್ಪಲಿ ಬಿಡುವಷ್ಟರಲ್ಲಿ ನಾನೇ ಎದ್ದು ಒಂದು ತಂಬಿಗೆ ನೀರು ತಂದಿಡುತ್ತೇನೆ. "ನೀವ್ಯಾಕ ಏಳ್ತೀರಿ ಸರ್" ಎನ್ನುತ್ತಾನೆ. ಆ ದಿನದ ಮಾತನ್ನು ಇಬ್ಬರೂ ಎತ್ತುವುದಿಲ್ಲ.