ಟಿಪ್ಪುವಿನ ಮರೆತುಹೋದ ಹೆಸರು

ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಹಿಂದೆ ವಡಿಗೇನಹಳ್ಳಿ ಎಂಬ ಹೆಸರಿತ್ತು. ಈಗಿನ ಹೆಸರನ್ನು ಉತ್ತರದವರ ಮಾತಿನಲ್ಲಿ ಹೇಳುವುದಾದರೆ ಫತೇಪುರ ಎನ್ನಬೇಕು. ಗುಜರಾತನ್ನು ಗೆದ್ದ ಅಕ್ಬರ್ ಸಿಕ್ರಿಗೆ ಇಟ್ಟದ್ದೂ ಅದೇ ಹೆಸರು. ವಿಜಯಪುರಕ್ಕೆ ಸಮೀಪದ ದೇವನಹಳ್ಳಿಯಲ್ಲಿ 1750-51ರ ಸುಮಾರಿಗೆ ಹುಟ್ಟಿದ ಮಗುವೊಂದರ ಹೆಸರಿನಲ್ಲೂ ಈ ಪದವಿತ್ತು: ಫತೇ ಅಲಿ. ಲೋಕ ಆತನನ್ನು ಬಲ್ಲದ್ದು ಮಾತ್ರ ಟಿಪ್ಪು ಎಂದು.

'ಫತೇ' ಅರಬ್ಬಿಯ 'ಫತ್ಹ್' ಎಂಬುದರ ರೂಪ. ಗೆಲುವು ಎಂಬುದು ಅದರ ಮೊದಲ ಅರ್ಥವಲ್ಲ. ಧಾತುವಿನ ಅರ್ಥ 'ತೆರೆ' ಎಂದು. ಕುರಾನಿನ ಮೊದಲ ಅಧ್ಯಾಯ 'ಫಾತಿಹಾ' ಎಂದರೆ ಗ್ರಂಥವನ್ನು ತೆರೆಯುವಂಥದು. 'ಮಿಫ್ತಾಹ್' ಎಂದರೆ ಬೀಗದ ಕೈ. ದೇವರ ತೊಂಬತ್ತೊಂಬತ್ತು ನಾಮಗಳಲ್ಲಿ 'ಅಲ್-ಫತ್ತಾಹ್' ಒಂದು. ಅಬ್ದುಲ್ ಫತ್ತಾಹ್ ಎಂದರೆ ಆ ತೆರೆಯುವವನ ದಾಸ. ಮುತ್ತಿಗೆಗೆ ಸಿಕ್ಕ ಊರು ಬಾಗಿಲು ತೆರೆದರೆ ಯುದ್ಧ ಮುಗಿದಂತೆಯೇ ತಾನೆ? ಹೀಗೆ ತೆರೆಯುವುದು ಗೆಲ್ಲುವುದಾಯಿತು. 1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಹಿಡಿದ ಎರಡನೆಯ ಮೆಹಮದ್‌ಗೆ 'ಫಾತಿಹ್' ಎಂಬ ಬಿರುದು ಬಂದದ್ದು ಈ ಅರ್ಥದಲ್ಲೇ. ಪಾರಸಿಯ ಮೂಲಕ ಭಾರತಕ್ಕೆ ಬಂದ ಪದ ಮತದ ಗಡಿಯನ್ನೂ ದಾಟಿತು. ಗುರು ಗೋವಿಂದ ಸಿಂಗರ ಕಿರಿಯ ಮಗ ಫತೇ ಸಿಂಗ್.

ದೇವನಹಳ್ಳಿಯ ಕೋಟೆಯೂ ಹೀಗೆ ತೆರೆದದ್ದುಂಟು. 1749ರಲ್ಲಿ ಮೈಸೂರಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನು ಹಿಡಿಯಿತು. ಹೈದರ್ ಅಲಿ ಎಂಬ ಯೋಧ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದದ್ದು ಆ ಕಾಳಗದಲ್ಲಿ. ಸ್ವಲ್ಪ ಕಾಲದಲ್ಲೇ ಅದೇ ಊರಿನಲ್ಲಿ ಹುಟ್ಟಿದ ಮಗನಿಗೆ ಫತೇ ಎಂಬ ಹೆಸರು ಹೊಂದುವಂಥದೇ. ಆದರೆ ಕಾರಣಕ್ಕಾಗಿ ಕೋಟೆಯವರೆಗೆ ಹೋಗಬೇಕಾಗಿಲ್ಲ. ಹೈದರನ ತಂದೆಯ ಹೆಸರು ಫತೇ ಮುಹಮ್ಮದ್. ಆತನ ಸಮಾಧಿ ಕೋಲಾರದಲ್ಲಿದೆ. ತಾತನ ಹೆಸರು ಮೊಮ್ಮಗನಿಗೆ ಬಂತು. ಈ ರೂಢಿ ನಮ್ಮ ಸೀಮೆಯ ಯಾವ ಮನೆಗೆ ಹೊಸದು?

ಟಿಪ್ಪು ಎಂಬುದು ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರಿಂದ ಬಂದದ್ದು. ತಾಯಿ ಆ ದರ್ಗಾದಲ್ಲಿ ಹರಕೆ ಹೊತ್ತಿದ್ದಳೆಂಬ ಪ್ರತೀತಿಯಿದೆ. ತಾತನ ಹೆಸರನ್ನು ಹರಕೆಯ ಹೆಸರು ನುಂಗಿಬಿಟ್ಟಿತು. ಮುಂದೆ ಟಿಪ್ಪು ತಾನು ಹುಟ್ಟಿದ ಊರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟ. ಜನ ಅದನ್ನು ಲೆಕ್ಕಕ್ಕಿಡಲಿಲ್ಲ, ದೇವನಹಳ್ಳಿ ದೇವನಹಳ್ಳಿಯಾಗಿಯೇ ಉಳಿಯಿತು. ಅರಸರು ಇಟ್ಟ ಹೆಸರು ಬೇರೆ, ಜನ ಕರೆಯುವ ಹೆಸರು ಬೇರೆ.

1791ರಲ್ಲಿ ಆ ಕೋಟೆಯ ಬಾಗಿಲು ಕಾರ್ನ್‌ವಾಲಿಸ್‌ನಿಗೆ ತೆರೆಯಿತು; 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಆದರೂ ಮುತ್ತಾತನ ಹೆಸರು ಮನೆಯಲ್ಲಿ ಉಳಿದಿತ್ತು. ಟಿಪ್ಪು ತನ್ನ ಹಿರಿಯ ಮಗನಿಗೆ ಇಟ್ಟಿದ್ದ ಹೆಸರು ಫತೇ ಹೈದರ್. ಕೋಟೆ ಬಿದ್ದ ಮೇಲೆ ಇಂಗ್ಲಿಷರಿಗೆ ಶರಣಾದವನು ಆತನೇ. ಮನೆಯವರನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರ ಸಿಪಾಯಿ ದಂಗೆಯ ನಂತರ ದೂರದ ಕಲ್ಕತ್ತೆಗೆ ಸಾಗಿಸಿದರು.