ಮೈಲುತುತ್ತದಿಂದ ಬೆರಳ ತುದಿಯವರೆಗೆ

ತೆಂಗು, ಅಡಿಕೆ ತೋಟವಿರುವ ಮನೆಗಳಲ್ಲಿ ಮೈಲುತುತ್ತ ಅಪರಿಚಿತ ವಸ್ತುವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ತೆಂಗಿಗೆ ಸುಳಿಕೊಳೆ ರೋಗ ಬಂದಾಗ ಇದನ್ನು ಸುಣ್ಣದೊಡನೆ ಕಲಸಿ, ಬೋರ್ಡೋ ಮುಲಾಮು ಮಾಡಿ ಸುಳಿಗೆ ಹಚ್ಚುತ್ತಾರೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಜೀವಾಳವೂ ಇದೇ. ಆದರೆ ಈ ನೀಲಿ ಹರಳು ಮನುಷ್ಯರ ಒಂದು ರೋಗದ ಚರಿತ್ರೆಯಲ್ಲೂ ಮುಖ್ಯ ಪಾತ್ರ ವಹಿಸಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಇಪ್ಪತ್ತನೆಯ ಶತಮಾನದ ಬಹುಭಾಗ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುತ್ತಿದ್ದುದು ಮೈಲುತುತ್ತ ಬೆರೆತ ಇಂಥದೇ ಒಂದು ನೀಲಿ ದ್ರಾವಣ.

ಇಂದು ಈ ಸೀಮೆಯ ಮದುವೆ ಮನೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಕೊಬ್ಬರಿ ಮಂಡಿಗಳಲ್ಲಿ 'ನಿಮಗೆ ಶುಗರ್ ಎಷ್ಟಿದೆ?' ಎಂಬುದು ಕುಶಲ ಪ್ರಶ್ನೆಯಂತೆಯೇ ಆಗಿದೆ. ಅದಕ್ಕೆ ಸಿಗುವ ಉತ್ತರ ಒಂದು ಅಂಕಿ. ಈ ಅಂಕಿಯನ್ನು ತಿಳಿಯಲು ವೈದ್ಯಶಾಸ್ತ್ರ ಎರಡು ಸಾವಿರ ವರ್ಷ ಪಟ್ಟ ಪಾಡು ಕುತೂಹಲಕರವಾದದ್ದು. ಅಂಕಿ ತಿಳಿದ ಮೇಲೂ ಜನ ಪಡುತ್ತಿರುವ ಪಾಡು ಅದಕ್ಕಿಂತ ದೊಡ್ಡದು.

ಇರುವೆ ಹೇಳಿದ ಸುದ್ದಿ

ರೋಗವನ್ನು ಮೊದಲು ಪತ್ತೆ ಹಚ್ಚಿದ್ದು ಯಂತ್ರವಲ್ಲ, ಇರುವೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಭಾರತದ ಪ್ರಾಚೀನ ವೈದ್ಯರು ಗಮನಿಸಿದ್ದರು. ಚರಕ, ಸುಶ್ರುತರು 'ಪ್ರಮೇಹ'ವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿದರು. ಕಬ್ಬಿನ ರಸದಂತಿರುವುದು ಇಕ್ಷುಮೇಹ, ಜೇನಿನಂತಿರುವುದು ಮಧುಮೇಹ. ದಪ್ಪ ಮೈಯವರಿಗೂ ಬಡಕಲು ಮೈಯವರಿಗೂ ಬೇರೆ ಬೇರೆ ಚಿಕಿತ್ಸೆ ಬೇಕೆಂದು ಚರಕಸಂಹಿತೆ ಹೇಳುತ್ತದೆ. ಕಾಯಿಲೆಯಲ್ಲಿ ಎರಡು ಮುಖ್ಯ ಬಗೆಗಳಿವೆ ಎಂದು ಇಂದಿನ ವೈದ್ಯರು ಹೇಳುವ ಮಾತಿಗೆ ಇದು ಹತ್ತಿರವಾಗಿದೆ.

ಯುರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ರೋಗಿಯ ಮೂತ್ರದ ರುಚಿ ನೋಡಿ, ಅದು ಜೇನು ಬೆರೆಸಿದಂತೆ ಸಿಹಿಯಾಗಿದೆ ಎಂದು ಬರೆದ. ಆ ಸಿಹಿ ಸಕ್ಕರೆಯದೇ ಎಂದು ತೋರಿಸಿದವನು ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್. 1776ರಲ್ಲಿ ಪ್ರಕಟವಾದ ಅವನ ವರದಿ ಇನ್ನೊಂದು ಮಾತನ್ನೂ ಹೇಳಿತು: ರೋಗಿಯ ರಕ್ತದ ತಿಳಿಯೂ ಸಿಹಿಯಾಗಿತ್ತು. ಅಲ್ಲಿಗೆ ಇದು ಕೇವಲ ಮೂತ್ರಪಿಂಡದ ರೋಗವಲ್ಲ, ಇಡೀ ದೇಹದ ರೋಗ ಎಂಬ ಸುಳಿವು ಸಿಕ್ಕಿತು. 1815ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್, ಈ ಸಕ್ಕರೆ ದ್ರಾಕ್ಷಿಯಲ್ಲಿರುವ ಸಕ್ಕರೆಯೇ, ಅಂದರೆ ಗ್ಲೂಕೋಸ್ ಎಂದು ಗುರುತಿಸಿದ.

ನೀಲಿಯಿಂದ ಇಟ್ಟಿಗೆ ಕೆಂಪಿಗೆ

ಗ್ಲೂಕೋಸಿಗೆ ಒಂದು ಗುಣವಿದೆ. ಕ್ಷಾರ ಬೆರೆತ ತಾಮ್ರದ ದ್ರಾವಣದೊಡನೆ ಅದನ್ನು ಕಾಯಿಸಿದರೆ ನೀಲಿ ಬಣ್ಣ ಹೋಗಿ ಕೆಂಪು ಗಷ್ಟು ಇಳಿಯುತ್ತದೆ. ಟ್ರಾಮರ್ 1841ರಲ್ಲಿ, ಫೆಹ್ಲಿಂಗ್ 1848ರಲ್ಲಿ ಈ ಗುಣವನ್ನೇ ಪರೀಕ್ಷೆಯಾಗಿ ರೂಪಿಸಿದರು. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908ರಲ್ಲಿ ಪ್ರಕಟಿಸಿದ ವಿಧಾನ ಅವೆರಡಕ್ಕಿಂತ ಸರಳವಾಗಿತ್ತು. ಅದರ ದ್ರಾವಣ ಬಹಳ ದಿನ ಕೆಡದೆ ಇರುತ್ತಿತ್ತು. ಮೈಲುತುತ್ತ, ಸೋಡಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಸಿಟ್ರೇಟ್ ಇದ್ದರೆ ಸಾಕು.

ಗಾಜಿನ ನಳಿಕೆಗೆ ಐದು ಮಿಲಿಲೀಟರ್ ದ್ರಾವಣ, ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಉರಿ. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಕಿತ್ತಳೆಯಾದರೆ ಹೆಚ್ಚು, ಇಟ್ಟಿಗೆ ಕೆಂಪಾದರೆ ಬಹಳ ಹೆಚ್ಚು. ಅಕ್ಷರ ಬಾರದವರೂ ಅರ್ಥ ಮಾಡಿಕೊಳ್ಳಬಹುದಾದ ಪರೀಕ್ಷೆ ಇದು. ನಮ್ಮ ನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆದದ್ದು ಇದೇ.

ಆದರೆ ಈ ಪರೀಕ್ಷೆಗೆ ದೊಡ್ಡ ದೋಷವೊಂದಿತ್ತು. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡ ಅದನ್ನು ಹೊರಗೆ ಬಿಡುವುದಿಲ್ಲ. ಕೆರೆ ತುಂಬಿದ ಮೇಲಷ್ಟೇ ಕೋಡಿ ಬೀಳುವಂತೆ! ಕೋಡಿಯಲ್ಲಿ ನೀರಿಲ್ಲ ಎಂದ ಮಾತ್ರಕ್ಕೆ ಕೆರೆಯಲ್ಲಿ ಎಷ್ಟು ನೀರಿದೆ ಎಂದು ಹೇಳಲಾಗದು. ಹೀಗಾಗಿ ದ್ರಾವಣ ನೀಲಿಯಾಗಿಯೇ ಉಳಿದ ಎಷ್ಟೋ ಜನ 'ನನಗೇನೂ ಇಲ್ಲ' ಎಂದು ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಒಳಗೊಳಗೇ ಹಾಳಾಗುತ್ತಿದ್ದವು. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದರೂ ಈ ಪರೀಕ್ಷೆಗೆ ಅದು ತಿಳಿಯುತ್ತಿರಲಿಲ್ಲ.

ಟೊರಾಂಟೊದ ಎರಡು ನಂಟು

ಅಳತೆ ಅನಿವಾರ್ಯವಾದದ್ದು ಇನ್ಸುಲಿನ್ ಬಂದ ಮೇಲೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಪ್ರೊಫೆಸರ್ ಮೆಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ಮೇದೋಜೀರಕ ಗ್ರಂಥಿಯಿಂದ ಈ ರಸವನ್ನು ತೆಗೆದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅಲ್ಲಿಯವರೆಗೆ ಇಂಥ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೊಂದೇ ಗತಿಯಾಗಿತ್ತು.

ಅದೇ ಟೊರಾಂಟೊದಲ್ಲಿ ಓದಿದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿ, ಮೈಲುತುತ್ತದ ಸಿಂಪಡಣೆಯನ್ನು ಈ ನಾಡಿನ ರೈತರಿಗೆ ಕಲಿಸಿದವರು ಅವರೇ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದುದರ ಹಿಂದೆಯೂ ಅವರ ಶ್ರಮವಿತ್ತು. ಮೈಲುತುತ್ತ, ಸಕ್ಕರೆ, ಇನ್ಸುಲಿನ್ ಮೂರರ ಕಥೆಯೂ ಒಂದೇ ಊರಿನ ಹೆಸರನ್ನು ಸುತ್ತಿ ಬರುವುದು ಕಾಕತಾಳೀಯವಾದರೂ ಸ್ವಾರಸ್ಯಕರ.

ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಏರುತ್ತದೆ. ಹೆಚ್ಚಾದರೆ ಕುಸಿದು ರೋಗಿ ಬೆವರುತ್ತಾನೆ, ನಡುಗುತ್ತಾನೆ, ಪ್ರಜ್ಞೆ ತಪ್ಪುತ್ತಾನೆ. ಎಷ್ಟು ಕೊಡಬೇಕೆಂದು ತಿಳಿಯಲು ರಕ್ತವನ್ನೇ ಅಳೆಯಬೇಕಾಯಿತು. 1920ರ ಹೊತ್ತಿಗೆ ಫೋಲಿನ್ ಮತ್ತು ವೂ ಎಂಬ ವಿಜ್ಞಾನಿಗಳ ವಿಧಾನ ಬಳಕೆಗೆ ಬಂದಿತ್ತು. ಅದೂ ತಾಮ್ರದ ಬಣ್ಣವನ್ನೇ ನಂಬಿದ ವಿಧಾನ. ಆದರೆ ಅದಕ್ಕೆ ಪ್ರಯೋಗಾಲಯ ಬೇಕು, ಸಿಬ್ಬಂದಿ ಬೇಕು, ರಕ್ತನಾಳದಿಂದ ರಕ್ತ ತೆಗೆಯಬೇಕು. ಹಳ್ಳಿಯವರಿಗೆ ಅದು ದೂರದ ಪಟ್ಟಣದ ಮಾತು.

ಬೂಷ್ಟಿನ ಉಪಕಾರ

ಪರೀಕ್ಷೆ ಮನೆಗೆ ಬಂದದ್ದು ಒಂದು ಬೂಷ್ಟಿನ ನೆರವಿನಿಂದ. ಸರಿಯಾಗಿ ಒಣಗದ ಕೊಬ್ಬರಿಯ ಮೇಲೆ ಕಪ್ಪು ಬೂಷ್ಟು ಹಿಡಿಯುವುದನ್ನು ಕಂಡು ತಿಪಟೂರಿನ ವರ್ತಕರು ಬೆಲೆ ಇಳಿಸುತ್ತಾರೆ. ಆಸ್ಪರ್ಜಿಲಸ್ ನೈಜರ್ ಎಂಬ ಆ ಕಪ್ಪು ಬೂಷ್ಟಿನಲ್ಲಿ 'ಗ್ಲೂಕೋಸ್ ಆಕ್ಸಿಡೇಸ್' ಎಂಬ ಕಿಣ್ವವಿದೆ ಎಂದು 1928ರಲ್ಲಿ ಡೆನ್ಮಾರ್ಕಿನ ಮುಲ್ಲರ್ ತೋರಿಸಿದರು. ಈ ಕಿಣ್ವ ಉಳಿದ ಸಕ್ಕರೆಗಳನ್ನು ಹೆಚ್ಚುಕಡಿಮೆ ಬಿಟ್ಟು ಗ್ಲೂಕೋಸನ್ನೇ ಹಿಡಿಯುತ್ತದೆ. ಇದನ್ನು ಕಾಗದದ ಪಟ್ಟಿಗೆ ಹಚ್ಚಿ ಒಣಗಿಸಿದರೆ, ಅದ್ದಿ ಬಣ್ಣ ನೋಡಿದರೆ ಸಾಕು. ಅಮೆರಿಕದ ಏಮ್ಸ್ ಕಂಪನಿಯಲ್ಲಿದ್ದ ಹೆಲೆನ್ ಫ್ರೀ, ಆಲ್ಫ್ರೆಡ್ ಫ್ರೀ ದಂಪತಿ 1950ರ ದಶಕದಲ್ಲಿ ಮೂತ್ರ ಪರೀಕ್ಷೆಯ ಪಟ್ಟಿಯನ್ನು ಹೀಗೆ ತಯಾರಿಸಿದರು. 1960ರ ದಶಕದ ಮಧ್ಯದಲ್ಲಿ ರಕ್ತ ಪರೀಕ್ಷೆಯ ಪಟ್ಟಿಯೂ ಬಂತು. ದೊಡ್ಡ ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಿಂದ ತೊಳೆದು, ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಡನೆ ಹೋಲಿಸಬೇಕಿತ್ತು.

ಬಣ್ಣ ಓದಲು ಕಣ್ಣಿನ ಬದಲು ಯಂತ್ರವನ್ನು ತಂದವರು ಆಂಟನ್ ಕ್ಲೆಮೆನ್ಸ್. 1970ರ ಸುಮಾರಿಗೆ ಮಾರುಕಟ್ಟೆಗೆ ಬಂದ ಅವರ ಯಂತ್ರ ಒಂದು ಕಿಲೋಗಿಂತ ಭಾರವಿತ್ತು. ಅದನ್ನು ವೈದ್ಯರಿಗೆ ಮಾತ್ರ ಮಾರುತ್ತಿದ್ದರು. ರಿಚರ್ಡ್ ಬರ್ನ್‌ಸ್ಟೀನ್ ಎಂಬ ಮಧುಮೇಹಿ ಎಂಜಿನಿಯರ್, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಒಂದನ್ನು ತರಿಸಿ, ದಿನಕ್ಕೆ ಹಲವು ಬಾರಿ ತಮ್ಮ ರಕ್ತವನ್ನು ತಾವೇ ಅಳೆದುಕೊಂಡರು. ರೋಗಿಯೇ ಅಳೆದುಕೊಂಡರೆ ರೋಗವನ್ನು ಹತೋಟಿಗೆ ತರಬಹುದು ಎಂದರೆ ವೈದ್ಯಲೋಕ ಮೊದಲು ಒಪ್ಪಲಿಲ್ಲ. ಅವರು ನಡುವಯಸ್ಸಿನಲ್ಲಿ ವೈದ್ಯಕೀಯ ಓದಿ ತಾವೇ ವೈದ್ಯರಾದರು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಅದೇ ಕಿಣ್ವದಿಂದ ಬಣ್ಣದ ಬದಲು ವಿದ್ಯುತ್ತನ್ನು ಅಳೆಯುವ ಉಪಾಯ ಸೂಚಿಸಿದ್ದರು. 1987ರಲ್ಲಿ ಪೆನ್ನಿನಷ್ಟು ದೊಡ್ಡ ಮೀಟರ್ ಆ ತತ್ವದ ಮೇಲೆ ಬಂತು. ಇಂದು ಔಷಧಿ ಅಂಗಡಿಗಳಲ್ಲಿ ಸಿಗುವ ಗ್ಲುಕೋಮೀಟರ್‌ಗಳು ಅದರ ಸಂತತಿ.

ಮೂರು ತಿಂಗಳ ಲೆಕ್ಕ

ಬೆರಳ ಹನಿ ಆ ಕ್ಷಣದ ಸುದ್ದಿಯನ್ನಷ್ಟೇ ಹೇಳುತ್ತದೆ. ಪರೀಕ್ಷೆಯ ಹಿಂದಿನ ಎರಡು ದಿನ ಪಥ್ಯ ಮಾಡಿ ಒಳ್ಳೆಯ ಅಂಕಿ ಪಡೆಯುವ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ. ಈ ಜಾಣತನ ನಡೆಯದ ಪರೀಕ್ಷೆಯೊಂದಿದೆ. ಮಧುಮೇಹಿಗಳ ಹಿಮೋಗ್ಲೋಬಿನ್ ಬೇರೆ ಬಗೆಯಾಗಿರುವುದನ್ನು 1968ರಲ್ಲಿ ಟೆಹರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಕಂಡರು. ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಆದ್ದರಿಂದ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ದಾಖಲಾಗಿರುತ್ತದೆ. ಇದೇ 'ಎಚ್‌ಬಿಎ1ಸಿ'. ಇದು ಶೇ 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಬಹುತೇಕ ರೋಗಿಗಳು ಶೇ 7ರ ಒಳಗೆ ಇಟ್ಟುಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು. ಹಳ್ಳಿಯ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಈ ಎಚ್ಚರಿಕೆ ಮುಖ್ಯ.

ಅಳೆದು ಹತೋಟಿಯಲ್ಲಿಟ್ಟರೆ ನಿಜವಾಗಿ ಲಾಭವಿದೆಯೇ ಎಂಬ ವಾದ ಬಗೆಹರಿದದ್ದು 1993ರಲ್ಲಿ. ಅಮೆರಿಕ, ಕೆನಡಾಗಳಲ್ಲಿ 1441 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಬಿಗಿಯಾದ ಹತೋಟಿಯಿಂದ ಕಣ್ಣಿನ ತೊಂದರೆ ಶೇ 76ರಷ್ಟು, ನರಗಳ ತೊಂದರೆ ಶೇ 60ರಷ್ಟು ಕಡಿಮೆಯಾಯಿತು. ದೊಡ್ಡವರಿಗೆ ಬರುವ ಬಗೆಯಲ್ಲೂ ಲಾಭವಿದೆಯೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ಹೇಳಿತು. ಈ ನಡುವೆ 1997ರಲ್ಲಿ ಬರಿಹೊಟ್ಟೆಯ ಗಡಿಯನ್ನು 140ರಿಂದ 126 ಮಿಲಿಗ್ರಾಂಗೆ ಇಳಿಸಲಾಯಿತು. ನಿನ್ನೆ ಆರೋಗ್ಯವಂತರೆನಿಸಿಕೊಂಡಿದ್ದ ಅನೇಕರು ಇಂದು ರೋಗಿಗಳಾದರು.

ಕಲ್ಪತರು ನಾಡಿನಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. 2023ರಲ್ಲಿ ಪ್ರಕಟವಾದ ಈ ಲೆಕ್ಕದ ಬಳಿಕ ಇದನ್ನು ಪೇಟೆಯವರ, ಸಿರಿವಂತರ ಕಾಯಿಲೆ ಎನ್ನುವಂತಿಲ್ಲ. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಬೈಕು ಬಂದ ಮೇಲೆ ತೋಟದ ಮೈಬೆವರು ಕಡಿಮೆಯಾಗಿದೆ, ಊಟದ ಅಳತೆ ಅಷ್ಟೇ ಇದೆ.

ಈ ಸೀಮೆಯಲ್ಲಿ ಕೆಲವು ನಂಬಿಕೆಗಳೂ ಬೇರೂರಿವೆ. ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬುದು ಒಂದು. ರಾಗಿಯಲ್ಲಿ ನಾರು ಇರುವುದು ನಿಜ, ಆದರೆ ರಾಗಿಯೂ ಪಿಷ್ಟವೇ; ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ. ಎಳನೀರು ತೋಟದ್ದು, ಏನೂ ಆಗುವುದಿಲ್ಲ ಎಂಬುದು ಇನ್ನೊಂದು. ಒಂದು ಎಳನೀರಿನಲ್ಲಿ ಎರಡು ಮೂರು ಚಮಚ ಸಕ್ಕರೆಯಷ್ಟು ಸಿಹಿ ಇರಬಹುದು. ಬೆಲ್ಲ ಸಕ್ಕರೆಯಲ್ಲ ಎಂಬ ಮಾತೂ ಹಾಗೆಯೇ. ತೆಂಗಿನ ನೀರಾದಿಂದ ಮಾಡಿದ ಸಕ್ಕರೆಯಲ್ಲೂ ಹೆಚ್ಚಿನ ಪಾಲು ಸಾಮಾನ್ಯ ಸಕ್ಕರೆಯೇ. ಕೊಬ್ಬರಿಯಲ್ಲಿ ಸಕ್ಕರೆ ಕಡಿಮೆ, ಕೊಬ್ಬು ಬಹಳ.

ಅಳತೆಗೂ ಇಲ್ಲಿ ತನ್ನದೇ ತೊಡಕುಗಳಿವೆ. ಕಾಯಿ ಸುಲಿದು ಜಡ್ಡುಗಟ್ಟಿದ ಬೆರಳಿನಿಂದ ಹನಿ ರಕ್ತ ಬರುವುದು ಸುಲಭವಲ್ಲ. ಬೆರಳಿನ ತುದಿಗಿಂತ ಪಕ್ಕದಲ್ಲಿ ಚುಚ್ಚುವುದು ಮೇಲು. ಬೆಲ್ಲ, ಹಣ್ಣು ಮುಟ್ಟಿದ ಕೈಯನ್ನು ತೊಳೆಯದೆ ಪರೀಕ್ಷಿಸಿದರೆ ಇಲ್ಲದ ಸಕ್ಕರೆಯೂ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಖರ್ಚು. ಮೀಟರ್ ಒಮ್ಮೆ ಕೊಂಡರಾಯಿತು, ಪಟ್ಟಿಗಳನ್ನು ಮತ್ತೆ ಮತ್ತೆ ಕೊಳ್ಳಬೇಕು. ಕೊಬ್ಬರಿ ದರ ಕುಸಿದ ವರ್ಷ ಮನೆಯಲ್ಲಿ ಮೊದಲು ನಿಲ್ಲುವುದು ಇಂಥ ಖರ್ಚು. ಅದರಲ್ಲೂ ಮನೆಯ ಹೆಂಗಸರ ಪಾಲಿನದು.

ಸಕ್ಕರೆ ಹೆಚ್ಚಿದರೂ ನೋವಾಗುವುದಿಲ್ಲ ಎಂಬುದೇ ಈ ಕಾಯಿಲೆಯ ಮೋಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಕೊಬ್ಬರಿಯಾದಾಗ ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುತ್ತದೆ. ದೇಹ ಹಾಗೆ ಸದ್ದು ಮಾಡುವುದಿಲ್ಲ. ಬರಿಗಾಲಿನಲ್ಲಿ ತೋಟ ತಿರುಗುವವರ ಪಾದಕ್ಕೆ ಮುಳ್ಳು ಚುಚ್ಚಿದ್ದು ಗೊತ್ತೇ ಆಗದೆ, ಗಾಯ ಮಾಯದೆ, ಆಸ್ಪತ್ರೆಗೆ ಹೋದಾಗಲೇ ಕಾಯಿಲೆ ಮೊದಲ ಬಾರಿ ಪತ್ತೆಯಾಗುವ ಪ್ರಸಂಗಗಳು ಅಪರೂಪವಲ್ಲ. ಆಗ ಉಳಿಯುವ ಪ್ರಶ್ನೆ ಬೆರಳನ್ನೋ ಪಾದವನ್ನೋ ಉಳಿಸಿಕೊಳ್ಳುವುದು ಹೇಗೆ ಎಂಬುದು. ಅಂಕಿ ಇಳಿದ ಕೂಡಲೇ 'ವಾಸಿಯಾಯಿತು' ಎಂದು ಮಾತ್ರೆ ಬಿಡುವವರೂ ಕೊನೆಗೆ ಅಲ್ಲಿಗೇ ಬರುತ್ತಾರೆ.

ಮೂವತ್ತು ದಾಟಿದವರನ್ನೆಲ್ಲ ಪರೀಕ್ಷಿಸುವ ಸರ್ಕಾರಿ ಕಾರ್ಯಕ್ರಮದಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಮನೆ ಬಾಗಿಲಿಗೇ ಹೋಗಿ ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿತು. ತೆಂಗಿನ ಸುಳಿ ಬಾಡುವ ಮೊದಲೇ ಮೈಲುತುತ್ತ ಹಚ್ಚಬೇಕೆಂಬುದನ್ನು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸುಳಿ ಕಳಚಿ ಬಿದ್ದ ಮೇಲೆ ಮರ ಉಳಿಯದು. ಮನುಷ್ಯನ ಪಾದಕ್ಕೂ ಕಣ್ಣಿಗೂ ಆ ಮಾತು ಅನ್ವಯಿಸುತ್ತದೆ.