ರಾಷ್ಟ್ರಪತಿಯ ಚುನಾವಣೆಯೂ ನಿರ್ವಾಚಕ ಗಣವೂ

ಮುಂಬಯಿ–ಬೆಂಗಳೂರು ಹೆದ್ದಾರಿಯು ಪುಣೆಯ ಪಶ್ಚಿಮದ ಅಂಚಿನಲ್ಲಿ ವಾಕಡವನ್ನು ಹಾದುಹೋಗುತ್ತದೆ. ಮುಳಾ ನದಿಯ ಬದಿಯ ಈ ಊರು 1971ರಲ್ಲಿ ಹೊಲಗಳ ನಡುವಣ ಹಳ್ಳಿಯಾಗಿತ್ತು. ನೆರೆಯ ಹಿಂಜವಡಿಯಲ್ಲಿ ತಂತ್ರಾಂಶೋದ್ಯಮವು ಬೆಳೆದ ಮೇಲೆ ಬಹುಮಹಡಿ ಮನೆಗಳ ಬಡಾವಣೆಯಾಯಿತು. ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗನೊಬ್ಬನು ಮತದಾರರ ಪಟ್ಟಿಯಲ್ಲಿ ತನ್ನ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಂಡನೆಂದರೆ, ಅವನ ಅರಿವಿಗೆ ಬಾರದೆಯೇ ಒಂದು ವ್ಯತ್ಯಾಸವು ಆಗಿಹೋಗುತ್ತದೆ. ರಾಷ್ಟ್ರಪತಿಯನ್ನು ಆರಿಸುವಾಗ ಅವನ ಹಿಂದಿನ ಊರಿನ ಶಾಸಕನ ಮತಕ್ಕೆ ಬೆಲೆ 131. ವಾಕಡವು ಸೇರಿರುವ ಚಿಂಚವಡ ಕ್ಷೇತ್ರದ ಶಾಸಕನ ಮತಕ್ಕೆ 175. ಅವನಿಗಾದರೋ ಎರಡು ಕಡೆಯೂ ರಾಷ್ಟ್ರಪತಿಗೆಂದು ಹಾಕುವ ಮತವೇ ಇಲ್ಲ.

ರಾಜ್ಯಾಂಗದ 54ನೆಯ ಅನುಚ್ಛೇದದಂತೆ ಆ ಅಧಿಕಾರವುಳ್ಳದ್ದು ನಿರ್ವಾಚಕ ಗಣ, ಎಂದರೆ ಸಂಸತ್ತಿನ ಎರಡೂ ಸದನಗಳ ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರ ಸಮೂಹ. ಮತದ ಬೆಲೆಯನ್ನು ಕಟ್ಟುವ ಕ್ರಮವು 55ನೆಯದರಲ್ಲಿದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಕರ್ನಾಟಕದ 2,92,99,014 ಜನರನ್ನು 224 ಶಾಸಕರಿಗೆ ಹಂಚಿದಾಗ ದೊರೆಯುವುದೇ ಮೇಲ್ಕಂಡ 131. ಎಲ್ಲ ರಾಜ್ಯಗಳ ಮತಮೌಲ್ಯದ ಮೊತ್ತವನ್ನು ಸಂಸತ್ಸದಸ್ಯರಿಗೆ ಸಮನಾಗಿ ಹಂಚುವುದರಿಂದ ಕೇಂದ್ರಕ್ಕೂ ರಾಜ್ಯಗಳಿಗೂ ಸಮತೂಕ ಉಂಟಾಗುತ್ತದೆ.

ಈ ಏರ್ಪಾಡನ್ನು ತೆಗೆದುಹಾಕಿ ಪ್ರಜೆಗಳೇ ನೇರವಾಗಿ ಆರಿಸಬೇಕೆಂಬ ವಾದವು ರಾಜ್ಯಾಂಗಕ್ಕಿಂತಲೂ ಹಳೆಯದು. 1947ರ ಜುಲೈಯಲ್ಲಿ ರಾಜ್ಯಾಂಗ ರಚನಾಸಭೆಯ ಮುಂದೆ ನೆಹರೂ ಅವರು ಪರೋಕ್ಷ ಚುನಾವಣೆಯನ್ನು ಸಮರ್ಥಿಸಿದರು. ನಿಜವಾದ ಅಧಿಕಾರವಿರುವುದು ಮಂತ್ರಿಮಂಡಲದಲ್ಲಿ. ಅಧಿಕಾರವನ್ನು ಕೊಡದೆ ಕೋಟ್ಯಂತರ ಜನರ ಮತದಿಂದ ಒಬ್ಬನನ್ನು ಆರಿಸುವುದು ಅಸಂಗತ, ಶ್ರಮಕ್ಕೂ ಹಣಕ್ಕೂ ವ್ಯರ್ಥವೆಂಬುದು ಅವರ ನಿಲುವು. 1948ರ ಡಿಸೆಂಬರಿನಲ್ಲಿ ಅರ್ಥಶಾಸ್ತ್ರಜ್ಞ ಕೆ. ಟಿ. ಷಾ ಅವರು ವಯಸ್ಕರೆಲ್ಲರ ನೇರ ಮತವನ್ನು ಬೇಡುವ ತಿದ್ದುಪಡಿಯನ್ನು ಮಂಡಿಸಿದರು. ಪಕ್ಷಗಳ ಕೈಯಿಂದ ಆಯ್ಕೆಯಾದವನು ಪಕ್ಷಗಳ ಕೈಗೊಂಬೆಯಾದಾನೆಂಬುದು ಅವರ ಭೀತಿ. ಅಂಬೇಡ್ಕರರು ಮತದಾರರ ಅಗಾಧ ಸಂಖ್ಯೆಯನ್ನೂ, ಅಷ್ಟು ದೊಡ್ಡ ಚುನಾವಣೆಗೆ ಬೇಕಾದ ಸಿಬ್ಬಂದಿಯ ಅಭಾವವನ್ನೂ, ರಾಷ್ಟ್ರಪತಿಗೆ ಸ್ವಂತ ಅಧಿಕಾರವಿಲ್ಲದಿರುವುದನ್ನೂ ಮುಂದಿಟ್ಟು ಅದನ್ನು ನಿರಾಕರಿಸಿದರು. ಇವುಗಳಲ್ಲಿ ಮೊದಲ ಎರಡು ಕಾರಣಗಳು ಬಹುಕಾಲ ಬಾಳಲಿಲ್ಲ. 1951–52ರಲ್ಲಿಯೇ ಸುಮಾರು 17 ಕೋಟಿ ಮತದಾರರ ಮಹಾಚುನಾವಣೆಯು ನಡೆದುಹೋಯಿತು. ಉಳಿದದ್ದು ಮೂರನೆಯ ಕಾರಣವೊಂದೇ, ಗಟ್ಟಿಯಾದದ್ದೂ ಅದೇ. ಈ ತೀರ್ಮಾನವನ್ನು ಕೈಗೊಂಡ ಸಭೆಗೆ ಪ್ರಾಂತಗಳಿಂದ ಬಂದವರು ಸಹ 1946ರಲ್ಲಿ ಪರೋಕ್ಷವಾಗಿಯೇ, ಸೀಮಿತ ಮತಾಧಿಕಾರದ ಶಾಸನಸಭೆಗಳಿಂದ ಆಯ್ಕೆಯಾಗಿದ್ದರೆಂಬುದನ್ನು ಮರೆಯಲಾಗದು.

1952ರ ಮೊದಲ ಚುನಾವಣೆಯಲ್ಲಿ ಬಾಬು ರಾಜೇಂದ್ರಪ್ರಸಾದರ ಎದುರು ನಿಂತವರಲ್ಲಿ ಷಾ ಅವರೂ ಒಬ್ಬರು. ತಾವು ಬೇಡವೆಂದ ಗಣದ ಮುಂದೆಯೇ ಅವರು ಮತ ಯಾಚಿಸಬೇಕಾಯಿತು. ಅವರಿಗೆ ಬಂದುದು 92,827, ರಾಜೇಂದ್ರಪ್ರಸಾದರಿಗೆ 5,07,400. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಶಾಸಕರು ಆ ಸಲ ಮುಂಬಯಿ ರಾಜ್ಯದ ಮತದಾರರು. ಏಕೀಕರಣವಾದ ಮೇಲೆ 1957ರಲ್ಲಿ ಮೈಸೂರು ರಾಜ್ಯದವರು.

ನಿರ್ವಾಚಕ ಗಣದ ನಿಜವಾದ ಪರೀಕ್ಷೆಯು ನಡೆದುದು 1969ರಲ್ಲಿ; ಅದರ ಬೀಜ ಬಿದ್ದುದು ಬೆಂಗಳೂರಿನಲ್ಲಿ. ಮೇ 3ರಂದು ಜಾಕೀರ್ ಹುಸೇನರು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಪಾರ್ಲಿಮೆಂಟರಿ ಮಂಡಲಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರೋಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪನವರು; ರಾಜ್ಯಾಂಗ ರಚನಾಸಭೆಯಲ್ಲಿಯೂ ಸದಸ್ಯರಾಗಿದ್ದವರು. ಹಂಗಾಮಿ ರಾಷ್ಟ್ರಪತಿ ವಿ. ವಿ. ಗಿರಿಯವರು ಪದವಿಯನ್ನು ಬಿಟ್ಟು ಸ್ವತಂತ್ರ ಅಭ್ಯರ್ಥಿಯಾದರು. ಗಿರಿಯವರು 1965ರಿಂದ 1967ರ ವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದಾಗ ಮುಖ್ಯಮಂತ್ರಿಯಾಗಿದ್ದವರು ಇದೇ ನಿಜಲಿಂಗಪ್ಪನವರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ. ಡಿ. ದೇಶಮುಖರನ್ನು ಬೆಂಬಲಿಸಿದವು, ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯವಾದರೂ ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪನವರು ಅವುಗಳ ನಾಯಕರೊಡನೆ ಮಾತನಾಡಿದರು. ಇದನ್ನೇ ಹಿಡಿದು ಪ್ರಧಾನಿಯ ಕಡೆಯವರು ಅಂತಃಸಾಕ್ಷಿಯಂತೆ ಮತ ನೀಡಬೇಕೆಂದು ಕರೆಯಿತ್ತರು.

ಮತದಾನವು ಆಗಸ್ಟ್ 16ರಂದು, ಎಣಿಕೆಯು 20ರಂದು. ಗೆಲುವಿಗೆ ಬೇಕಾದುದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಬಂದವು. ಗಿರಿಯವರಿಗೆ 16,654 ಕಡಿಮೆ ಬಿದ್ದುದರಿಂದ ಎರಡನೆಯ ಪ್ರಾಶಸ್ತ್ಯಗಳನ್ನು ಎಣಿಸಬೇಕಾಯಿತು; ಈ ಗಣದ ಇತಿಹಾಸದಲ್ಲಿ ಅಂತಹ ಪ್ರಸಂಗವು ಅದೊಂದೇ. ಹೀಗೆ ವರ್ಗಾವಣೆಯಾದ ಮತಗಳಲ್ಲಿ ರೆಡ್ಡಿಯವರಿಗೆ ದೊರೆತುದು 91,879, ಗಿರಿಯವರಿಗೆ 18,562 ಮಾತ್ರ. ಆದರೂ ಗಿರಿಯವರೇ 4,20,077ಕ್ಕೆ ಏರಿ ಗೆದ್ದರು. ರೆಡ್ಡಿಯವರು 4,05,427ರಲ್ಲಿ ನಿಂತರು. ನಿಜಲಿಂಗಪ್ಪನವರ ಲೆಕ್ಕವು ಸುಳ್ಳಾಗಿರಲಿಲ್ಲ, ಸಾಲದೆ ಹೋಯಿತು. ನವೆಂಬರಿನಲ್ಲಿ ಪಕ್ಷವು ಒಡೆಯಿತು. ಮೈಸೂರಿನಲ್ಲಿ ವೀರೇಂದ್ರ ಪಾಟೀಲರೂ ದೇವರಾಜ ಅರಸರೂ ಎರಡು ಕಡೆಯಾದರು. ಪರೋಕ್ಷ ಚುನಾವಣೆಯೆಂದರೆ ಪಕ್ಷದ ಅಪ್ಪಣೆಗೆ ಒತ್ತುವ ಮುದ್ರೆ ಎಂಬ ಷಾ ಅವರ ಆಕ್ಷೇಪಕ್ಕೆ ಇದು ಅರ್ಧ ಉತ್ತರ. ಅರ್ಧವೆನ್ನಲು ಕಾರಣವುಂಟು: ಪಕ್ಷಾಧ್ಯಕ್ಷರ ಅಪ್ಪಣೆಯನ್ನು ಮೀರಿದವರಲ್ಲಿ ಅನೇಕರು ಪ್ರಧಾನಿಯ ಇಂಗಿತವನ್ನು ಪಾಲಿಸಿದವರು.

ಅದೇ 1969ರ ಸೆಪ್ಟೆಂಬರ್ 18ರಂದು ಅಮೆರಿಕದ ಪ್ರತಿನಿಧಿ ಸಭೆಯು ತನ್ನ ದೇಶದ ನಿರ್ವಾಚಕ ಗಣವನ್ನು ತೆಗೆದುಹಾಕುವ ತಿದ್ದುಪಡಿಯನ್ನು ಅಂಗೀಕರಿಸಿತು. ವಿರೋಧಿಸಿದವರು 70 ಮಂದಿ ಮಾತ್ರ. ಮರುವರ್ಷ ಸೆನೆಟ್ಟಿನಲ್ಲಿ ದೀರ್ಘ ಭಾಷಣಗಳ ತಡೆಗೆ ಸಿಕ್ಕಿ ಅದು ಬಿದ್ದುಹೋಯಿತು. 2000 ಮತ್ತು 2016ರಲ್ಲಿ ಜನಮತದಲ್ಲಿ ಹಿಂದೆ ಬಿದ್ದವರೇ ಅಲ್ಲಿ ಅಧ್ಯಕ್ಷರಾದಾಗ ವಾದವು ಮತ್ತೆ ಎದ್ದಿತು. ಆದರೆ ಅಲ್ಲಿಯ ಅಧ್ಯಕ್ಷನು ಆಳುವವನು. ಇಲ್ಲಿಯವನು ಮಂತ್ರಿಮಂಡಲದ ಸಲಹೆಯಂತೆ ನಡೆಯುವವನು. ಹೆಸರು ಒಂದಾದ ಮಾತ್ರಕ್ಕೆ ಅಲ್ಲಿಯ ವಾದವನ್ನು ಇಲ್ಲಿಗೆ ಹಾಗೆಯೇ ತರುವುದು ಯುಕ್ತವಲ್ಲ.

1975ರ ಜೂನ್ 25ರ ರಾತ್ರಿ ಮಂತ್ರಿಮಂಡಲವು ಸೇರುವುದಕ್ಕೆ ಮೊದಲೇ ಫಕ್ರುದ್ದೀನ್ ಅಲಿ ಅಹಮದರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಜನರಿಂದ ನೇರವಾಗಿ ಆಯ್ಕೆಯಾದವನು ಕೈ ತಡೆಯುತ್ತಿದ್ದನೇ ಎಂಬುದು ಊಹೆಯ ಮಾತು. ನಡೆದುದಿಷ್ಟು: 1976ರ 42ನೆಯ ತಿದ್ದುಪಡಿಯು ರಾಷ್ಟ್ರಪತಿಯು ಸಲಹೆಯಂತೆಯೇ ನಡೆಯಬೇಕೆಂದು ಅಕ್ಷರಶಃ ಬರೆಯಿತು. ಅದೇ ತಿದ್ದುಪಡಿಯು ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಕೆಲಸವನ್ನೂ ಮಾಡಿತು. ಮತದ ಬೆಲೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2000ದ ಅನಂತರ ಸಡಿಲಬೇಕಾಗಿದ್ದ ಆ ಗಂಟನ್ನು 84ನೆಯ ತಿದ್ದುಪಡಿಯು 2026ರ ಬಳಿಕದ ಮೊದಲ ಜನಗಣತಿಯ ವರೆಗೆ ಬಿಗಿದಿಟ್ಟಿತು.

ವಾಕಡದ ಪ್ರಶ್ನೆಯು ಇಲ್ಲಿಯೇ ಇದೆ. ಚಿಂಚವಡ ಕ್ಷೇತ್ರದಲ್ಲಿ ಐದು ಲಕ್ಷಕ್ಕೂ ಮಿಕ್ಕ ಮತದಾರರಿದ್ದಾರೆ. ಅದರ ಅರ್ಧದಷ್ಟೂ ಇಲ್ಲದ ಕ್ಷೇತ್ರಗಳು ಅದೇ ರಾಜ್ಯದಲ್ಲಿವೆ. ಎಲ್ಲರ ಶಾಸಕರಿಗೂ 175ಯೇ. ಆ 175 ಹುಟ್ಟಿದುದು ವಾಕಡವು ಹಳ್ಳಿಯಾಗಿದ್ದ ವರ್ಷದ ಗಣತಿಯಿಂದ. ಹಾಗೆಂದು ಗಂಟನ್ನು ಬಿಚ್ಚಿದರೆ ಲಾಭವೆಂದು ಕನ್ನಡಿಗರು ಭಾವಿಸುವಂತಿಲ್ಲ. 2011ರ ಜನಸಂಖ್ಯೆಯನ್ನಿಟ್ಟು ಗುಣಿಸಿದರೆ, ಶಾಸಕರ ಸಂಖ್ಯೆಯು ಹೀಗೆಯೇ ಇದ್ದಲ್ಲಿ, ಕರ್ನಾಟಕದ ಮತವು 273, ಮಹಾರಾಷ್ಟ್ರದ್ದು 390, ಉತ್ತರ ಪ್ರದೇಶದ್ದು 208ರಿಂದ 496 ಆಗುತ್ತದೆ. ಅಂಕಿಗಳು ಎಲ್ಲೆಡೆಯೂ ಏರಿದರೂ, ಉತ್ತರ ಪ್ರದೇಶದ ಮತವನ್ನು 100 ಎಂದು ಹಿಡಿದರೆ ಕರ್ನಾಟಕದ್ದು 63ರಿಂದ 55ಕ್ಕೂ, ಮಹಾರಾಷ್ಟ್ರದ್ದು 84ರಿಂದ 79ಕ್ಕೂ ಇಳಿಯುತ್ತದೆ. ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟ ರಾಜ್ಯಗಳಿಗೆ 1971ರ ಗಂಟು ಒಂದು ರಕ್ಷೆಯೂ ಹೌದು. ನೇರ ಚುನಾವಣೆಯಲ್ಲಿ ಈ ರಕ್ಷೆಯು ಒಂದೇ ದಿನದಲ್ಲಿ ಹೋಗುತ್ತದೆ. ವಾಕಡದವನಿಗೆ ತನ್ನದೇ ಆದ ಒಂದು ಮತವು ದೊರೆಯುತ್ತದೆ, ಅವನು ಬಿಟ್ಟುಬಂದ ರಾಜ್ಯದ ತೂಕವು ತಗ್ಗುತ್ತದೆ. ಗಣವನ್ನು ತೆಗೆಯಬೇಕೆನ್ನುವವರು ಈ ಎರಡನ್ನೂ ಒಟ್ಟಿಗೆ ಹೇಳುವುದು ಅಪರೂಪ.

54 ಮತ್ತು 55ನೆಯ ಅನುಚ್ಛೇದಗಳನ್ನು ಸಂಸತ್ತು ತಾನೊಂದೇ ತಿದ್ದಲಾರದು. 368ನೆಯ ಅನುಚ್ಛೇದದಂತೆ ಅದಕ್ಕೆ ಕನಿಷ್ಠಪಕ್ಷ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಸಮ್ಮತಿಯೂ ಬೇಕು. ಎಂದರೆ, ತಿದ್ದುಪಡಿಯಿಂದ ಯಾರ ಮತವು ಹೋಗುವುದೋ ಅಂಥವರೇ ಅದನ್ನು ಒಪ್ಪಬೇಕು.